ಕರಾವಳಿಯ ಮನೆಗೆ ತಾರಸಿ ಸೋಲಾರ್: ಹಣ ಹಾಕುವ ಮೊದಲು ಮಾಡಬೇಕಾದ ಲೆಕ್ಕ

ಮಂಗಳೂರು, ಉಡುಪಿ ಭಾಗದಲ್ಲಿ ಮನೆಯ ಮೇಲೆ ಸೋಲಾರ್ ಹಾಕಿಸುವ ಯೋಚನೆ ಮಾಡಿದವರೆಲ್ಲರೂ ಮೊದಲು ಕೇಳುವುದು ಮಳೆಯ ಬಗ್ಗೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರಿನಲ್ಲಿ ಆ ಪ್ರಶ್ನೆ ಸಹಜವೇ. ಆದರೆ ಲಾಭ ನಷ್ಟವನ್ನು ನಿರ್ಧರಿಸುವುದು ಮಳೆಗಿಂತ ಹೆಚ್ಚಾಗಿ ನಿಮ್ಮ ಮನೆಯ ಹನ್ನೆರಡು ತಿಂಗಳ ಮೆಸ್ಕಾಂ ಬಿಲ್ಲು. ಅಕ್ಕಪಕ್ಕದ ಎರಡು ಮನೆಗಳಿಗೆ ಒಂದೇ ಬಿಸಿಲು ಬೀಳುತ್ತಿದ್ದರೂ ಒಂದು ಮನೆಗೆ ಐದು ವರ್ಷದಲ್ಲಿ ಹಣ ಮರಳಬಹುದು, ಇನ್ನೊಂದಕ್ಕೆ ಎಂದೂ ಮರಳದೆ ಹೋಗಬಹುದು. ಆದ್ದರಿಂದ ಈ ಮಾರ್ಗದರ್ಶಿ ಬಿಲ್ಲಿನಿಂದಲೇ ಆರಂಭವಾಗುತ್ತದೆ. ಫಲಕ, ಇನ್ವರ್ಟರ್, ಕಂಪನಿಗಳ ಮಾತು ಆಮೇಲೆ.

ಹಂತ 1: ಒಂದು ವರ್ಷದ ಬಿಲ್ಲುಗಳನ್ನು ಮುಂದಿಟ್ಟುಕೊಳ್ಳಿ

ತಿಂಗಳುವಾರು ಯೂನಿಟ್‌ಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಸರಾಸರಿ ಮಾತ್ರ ಸಾಲದು; ತಿಂಗಳುಗಳ ಏರಿಳಿತವೇ ಇಲ್ಲಿ ಮುಖ್ಯ. ಅದರೊಂದಿಗೆ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂಬುದನ್ನೂ, ಆರ್.ಆರ್. ನಂಬರ್ ಯಾರ ಹೆಸರಿನಲ್ಲಿದೆ ಎಂಬುದನ್ನೂ ಗುರುತು ಹಾಕಿಕೊಳ್ಳಿ.

ಹೆಸರಿನ ವಿಚಾರವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ನಮ್ಮ ಕಡೆಯ ಎಷ್ಟೋ ಕುಟುಂಬದ ಮನೆಗಳಲ್ಲಿ ಮೀಟರ್ ಇಂದಿಗೂ ತೀರಿಹೋದ ಅಜ್ಜನ ಅಥವಾ ದೊಡ್ಡಮ್ಮನ ಹೆಸರಿನಲ್ಲೇ ಇರುತ್ತದೆ. ಅರ್ಜಿದಾರರ ಹೆಸರು, ಬಿಲ್ಲಿನ ಹೆಸರು, ಸೋಲಾರ್‌ಗೆ ಕೇಂದ್ರ ಸರ್ಕಾರ ಕೊಡುವ ಸಬ್ಸಿಡಿ ಬರಬೇಕಾದ ಬ್ಯಾಂಕ್ ಖಾತೆಯ ಹೆಸರು ಒಂದಕ್ಕೊಂದು ತಾಳೆಯಾಗದಿದ್ದರೆ ಅರ್ಜಿ ನಡುವೆಯೇ ನಿಲ್ಲುತ್ತದೆ. ಪಾಲಾಗದ ಮನೆಯಾಗಿದ್ದರೆ ಉಳಿದವರ ಒಪ್ಪಿಗೆ ಪಡೆದು ಹೆಸರು ಬದಲಾವಣೆ ಮಾಡಿಸಿಕೊಳ್ಳುವುದೇ ಮೊದಲ ಕೆಲಸ.

ಹಂತ 2: ಗೃಹಜ್ಯೋತಿಯ ಲೆಕ್ಕವನ್ನು ಪ್ರಾಮಾಣಿಕವಾಗಿ ಮಾಡಿ

2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಗೃಹಜ್ಯೋತಿಯಲ್ಲಿ ಗರಿಷ್ಠ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ಸಿಗುತ್ತದೆ. ಹೆಚ್ಚಿನ ಮನೆಗಳ ಅರ್ಹ ಯೂನಿಟ್ ಅನ್ನು 2022-23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿ ನಿಗದಿ ಮಾಡಲಾಗಿದೆ. ಆ ಅರ್ಹತೆಯನ್ನು ಮೀರಿದರೆ ಮೀರಿದಷ್ಟಕ್ಕೆ ಹಣ ಕಟ್ಟಬೇಕು. 200 ಯೂನಿಟ್ ದಾಟಿದರೆ ಆ ತಿಂಗಳ ಇಡೀ ಬಿಲ್ಲು ನಿಮ್ಮದೇ.

ಇದರಿಂದ ಮನೆಗಳು ಮೂರು ಬಗೆಯಾಗಿ ಬೇರ್ಪಡುತ್ತವೆ. ವರ್ಷವಿಡೀ ಶೂನ್ಯ ಬಿಲ್ಲು ಬರುವ ಮನೆಗೆ ಇಂದಿನ ಸ್ಥಿತಿಯಲ್ಲಿ ಸೋಲಾರ್ ಹಾಕಿಸಬೇಡಿ ಎಂದೇ ನಾನು ಹೇಳುತ್ತೇನೆ. ಕಟ್ಟುವ ಹಣವೇ ಇಲ್ಲದಿರುವಾಗ ಉಳಿಸುವುದಕ್ಕೂ ಏನೂ ಇಲ್ಲ. ಗೃಹಜ್ಯೋತಿ ಮುಂದೊಂದು ದಿನ ನಿಲ್ಲಬಹುದು ಎಂಬ ಲೆಕ್ಕಾಚಾರದಿಂದ ಈಗಲೇ ಎಂಬತ್ತು ಸಾವಿರ ತೊಡಗಿಸುವವರಿದ್ದಾರೆ. ಸಬ್ಸಿಡಿ ಇರುವಾಗಲೇ ಹಾಕಿಸಿಕೊಳ್ಳೋಣ ಎಂಬ ಅವರ ವಾದದಲ್ಲಿ ಹುರುಳಿಲ್ಲದಿಲ್ಲ, ಆದರೆ ಅದು ಸರ್ಕಾರದ ನೀತಿಯ ಮೇಲೆ ಕಟ್ಟುವ ಪಣ. ಸಾಲ ಮಾಡಿ ಅಂಥ ಪಣಕ್ಕೆ ಇಳಿಯುವುದು ಸರಿಯಲ್ಲ.

ಎರಡನೆಯದು ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ 200 ದಾಟುವ ಮನೆ. ಇಲ್ಲಿ ಇನ್ನೂ ಅಗ್ಗದ ಮದ್ದು ಇದೆ. ಹಳೆಯ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ಎಳೆಯುತ್ತದೆ; ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್ ಆಸುಪಾಸಿನಲ್ಲಿ ಮುಗಿಸುತ್ತದೆ. ದಿನಕ್ಕೆ ಹನ್ನೆರಡು ಗಂಟೆ ತಿರುಗುವ ಒಂದು ಫ್ಯಾನ್ ಬದಲಾಯಿಸಿದರೆ ತಿಂಗಳಿಗೆ 16 ಯೂನಿಟ್ ಉಳಿಯುತ್ತದೆ, ಮೂರು ಫ್ಯಾನ್‌ಗೆ 48. ನಮ್ಮ ಸೆಕೆಗಾಲದಲ್ಲಿ ಹನ್ನೆರಡು ಗಂಟೆ ಎಂಬುದು ಹೆಚ್ಚೇನೂ ಅಲ್ಲ. ಸ್ನಾನದ ನೀರಿಗೆ ಗೀಸರ್ ನಂಬಿರುವ ಮನೆಯಾದರೆ ಸೌರ ನೀರಿನ ಹೀಟರ್‌ನ ಬೆಲೆಯನ್ನೂ ಒಮ್ಮೆ ವಿಚಾರಿಸಿ. ಇಷ್ಟರಿಂದಲೇ 200ರ ಒಳಗೆ ಉಳಿಯಲು ಸಾಧ್ಯವಾದರೆ ಫಲಕಗಳ ಅಗತ್ಯವಿಲ್ಲ.

ಮೂರನೆಯದು ಎಸಿ, ಬಾವಿಯ ಪಂಪು, ಎರಡು ಫ್ರಿಜ್ಜು, ಈಚೆಗೆ ವಿದ್ಯುತ್ ಸ್ಕೂಟರ್ ಇವೆಲ್ಲ ಸೇರಿ ವರ್ಷದ ಹೆಚ್ಚಿನ ತಿಂಗಳು 250 ಯೂನಿಟ್ ಮೀರುವ ಮನೆ. ಮುಂದಿನ ಲೆಕ್ಕವೆಲ್ಲ ಮುಖ್ಯವಾಗಿ ಈ ಮನೆಗಳಿಗೆ.

ಮುಂಬಯಿಯಲ್ಲೋ ಗಲ್ಫ್‌ನಲ್ಲೋ ಇದ್ದು ಊರಿನ ಮನೆಗೆ ವರ್ಷದ ಹತ್ತು ತಿಂಗಳು ಬೀಗ ಹಾಕಿರುವವರಿಗೂ ಒಂದು ಮಾತು: ಬಳಕೆಯಿಲ್ಲದ ಮನೆಯ ಸೋಲಾರ್ ವಿದ್ಯುತ್ತೆಲ್ಲ ಕಡಿಮೆ ದರಕ್ಕೆ ಮಾರಾಟವಾಗುತ್ತದೆ. ತೋಟದ ಪಂಪ್‌ಸೆಟ್ಟಿನ ಬಳಕೆಯನ್ನೂ ಈ ಲೆಕ್ಕಕ್ಕೆ ತರಬೇಡಿ. 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ ಹೇಗೂ ಉಚಿತ ವಿದ್ಯುತ್ ಇದೆ.

ಹಂತ 3: ಒಂದು ಯೂನಿಟ್ ಉಳಿದರೆ ಎಷ್ಟು ಉಳಿಯಿತು?

2025ರ ಏಪ್ರಿಲ್‌ನಿಂದ ಜಾರಿಗೆ ಬಂದ 2025-26ರ ದರದಂತೆ ಗೃಹಬಳಕೆಯ ವಿದ್ಯುತ್ತಿಗೆ ಯೂನಿಟ್‌ಗೆ 5.80 ರೂಪಾಯಿ. ಅದರ ಮೇಲೆ ಪಿಂಚಣಿ ಮತ್ತು ಗ್ರಾಚ್ಯುಟಿಯ 36 ಪೈಸೆ ಹಾಗೂ ಶೇ. 9 ತೆರಿಗೆ ಸೇರಿದರೆ ಆರೂವರೆ ರೂಪಾಯಿ ದಾಟುತ್ತದೆ. ಲೆಕ್ಕವನ್ನು ಸ್ವಲ್ಪ ಬಿಗಿಯಾಗಿಯೇ ಇಟ್ಟುಕೊಳ್ಳಲು 6.50 ಎಂದು ಹಿಡಿಯೋಣ.

ಮಂಜೂರಾದ ಲೋಡ್‌ನ ಪ್ರತಿ ಕಿಲೋವ್ಯಾಟ್‌ಗೆ 145 ರೂಪಾಯಿಯ (2025-26ರ ದರ) ನಿಗದಿತ ಶುಲ್ಕ ಸೋಲಾರ್ ಬಂದರೂ ಹೋಗುವುದಿಲ್ಲ. ‘ಬಿಲ್ ಸೊನ್ನೆ ಆಗುತ್ತದೆ’ ಎಂದು ಮಾರಾಟಗಾರರು ಹೇಳುವಾಗ ಈ ಸಾಲನ್ನು ಮರೆತಿರುತ್ತಾರೆ. ಸೋಲಾರ್ ಜೊತೆಗೆ ಲೋಡ್ ಏರಿಸಬೇಕಾಗಿ ಬಂದರೆ ಈ ಶುಲ್ಕವೂ ಏರುತ್ತದೆ. ಎರಡು ಕಿಲೋವ್ಯಾಟ್ ಏರಿದರೆ ತಿಂಗಳಿಗೆ 290 ರೂಪಾಯಿ.

ಇನ್ನು ಮನೆ ಬಳಸಿ ಉಳಿದ ವಿದ್ಯುತ್ತು. ನಮ್ಮ ರಾಜ್ಯದ ನೆಟ್ ಮೀಟರಿಂಗ್‌ನಲ್ಲಿ ಒಳಬಂದದ್ದನ್ನೂ ಹೊರಹೋದದ್ದನ್ನೂ ಆಯಾ ಬಿಲ್ಲಿನ ಅವಧಿಯೊಳಗೆ ಪರಸ್ಪರ ಕಳೆಯುತ್ತಾರೆ. ಹೆಚ್ಚುವರಿ ಉಳಿದರೆ ಅದು ಮುಂದಿನ ತಿಂಗಳಿಗೆ ಯೂನಿಟ್ ಆಗಿ ದಾಟುವುದಿಲ್ಲ. ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಗೊತ್ತುಮಾಡಿದ ದರದಲ್ಲಿ ಹಣವಾಗುತ್ತದೆ. 2013ರಲ್ಲಿ ಆಯೋಗ ಈ ದರವನ್ನು 9.56 ರೂಪಾಯಿ, ಸಬ್ಸಿಡಿ ಪಡೆದವರಿಗೆ 7.20 ಎಂದು ಇಟ್ಟಿತ್ತು. ಆಗ ಹಾಕಿಸಿದವರು ಗಳಿಸಿದ ಕತೆ ಕೇಳಿ ಈಗ ದೊಡ್ಡ ಘಟಕ ಹಾಕಿಸಲು ಹೊರಡುವವರು ಎಚ್ಚರಿಕೆಯಿಂದಿರಬೇಕು. ಸಬ್ಸಿಡಿ ಪಡೆದ ಸಣ್ಣ ಘಟಕಕ್ಕೆ ಇತ್ತೀಚಿನ ದರ ಮೂರು ರೂಪಾಯಿಯ ಒಳಗೇ ಇದೆ. ನಮ್ಮ ಲೆಕ್ಕಕ್ಕೆ 2.50 ಎಂದಿಟ್ಟುಕೊಳ್ಳೋಣ.

ಅಂದರೆ ಮನೆಯಲ್ಲೇ ಖರ್ಚಾದ ಯೂನಿಟ್ ಆರೂವರೆ ರೂಪಾಯಿ ಉಳಿಸುತ್ತದೆ, ಹೊರಗೆ ಹೋದದ್ದು ಎರಡೂವರೆ ತರುತ್ತದೆ. ಘಟಕದ ಗಾತ್ರವನ್ನು ಈ ವ್ಯತ್ಯಾಸವೇ ನಿರ್ಧರಿಸಬೇಕು.

ಹಂತ 4: ಗಾತ್ರ ಗೊತ್ತುಮಾಡುವುದು

ಕರಾವಳಿಯಲ್ಲಿ ನೆರಳಿಲ್ಲದ ಒಂದು ಕಿಲೋವ್ಯಾಟ್ ಫಲಕದಿಂದ ವರ್ಷಕ್ಕೆ ಸುಮಾರು 1,350 ಯೂನಿಟ್ ನಿರೀಕ್ಷಿಸಬಹುದು. ಫೆಬ್ರವರಿ, ಮಾರ್ಚ್‌ನಲ್ಲಿ ದಿನಕ್ಕೆ ನಾಲ್ಕೂವರೆ ದಾಟುವ ಉತ್ಪಾದನೆ ಜುಲೈಯಲ್ಲಿ ಎರಡೂವರೆಯ ಹತ್ತಿರಕ್ಕೆ ಇಳಿಯುತ್ತದೆ. ಆದರೆ ನಮ್ಮ ಮನೆಗಳ ಬಳಕೆಯೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ಸಾಗುತ್ತದೆ: ಸೆಕೆಗಾಲದಲ್ಲಿ ಎಸಿ, ಫ್ಯಾನು, ಪಂಪು ಎಲ್ಲವೂ ಓಡುತ್ತವೆ, ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ಎಲ್ಲವೂ ತಣ್ಣಗಿರುತ್ತವೆ. ಮಳೆಯ ಭಯ ದೊಡ್ಡದಾಗಿ ಕಂಡರೂ ಹಣದ ಲೆಕ್ಕದಲ್ಲಿ ಅಷ್ಟು ನೋಯಿಸದಿರುವುದಕ್ಕೆ ಇದೇ ಕಾರಣ.

ನಿಜವಾದ ತೊಡಕು ಇರುವುದು ಡಿಸೆಂಬರ್, ಜನವರಿಯಲ್ಲಿ. ಆಗ ಆಕಾಶ ಶುಭ್ರ, ಉತ್ಪಾದನೆ ದಿನಕ್ಕೆ ಕಿಲೋವ್ಯಾಟ್‌ಗೆ ನಾಲ್ಕು ಯೂನಿಟ್, ಆದರೆ ರಾತ್ರಿ ಎಸಿ ಬೇಡ. ಹೆಚ್ಚುವರಿ ವಿದ್ಯುತ್ತು ಹೊರಗೆ ಹರಿಯುವುದು ಆವಾಗ. ಆದ್ದರಿಂದ ಗಾತ್ರವನ್ನು ಮೇ ತಿಂಗಳ ಬಿಲ್ಲು ನೋಡಿ ನಿರ್ಧರಿಸಬೇಡಿ, ಜನವರಿಯ ಬಿಲ್ಲು ನೋಡಿ ನಿರ್ಧರಿಸಿ.

ಉದಾಹರಣೆಗೆ ವರ್ಷಕ್ಕೆ 3,800 ಯೂನಿಟ್ ಬಳಸುವ ಒಂದು ಮನೆಯನ್ನು ಊಹಿಸಿಕೊಳ್ಳಿ. ಜನವರಿಯಲ್ಲಿ 270, ಮೇಯಲ್ಲಿ 460, ಜುಲೈಯಲ್ಲಿ 260 ಯೂನಿಟ್. ಸಬ್ಸಿಡಿಗೆ ಮುನ್ನ ಎರಡು ಕಿಲೋವ್ಯಾಟ್‌ಗೆ 1.40 ಲಕ್ಷ, ಮೂರಕ್ಕೆ 2 ಲಕ್ಷ, ನಾಲ್ಕಕ್ಕೆ 2.60 ಲಕ್ಷ ಎಂದು ಹಿಡಿಯೋಣ. ಫೆಬ್ರವರಿ 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000 ರೂಪಾಯಿ ಸಬ್ಸಿಡಿ ಇದೆ. 78,000ಕ್ಕಿಂತ ಹೆಚ್ಚು ಸಿಗುವುದಿಲ್ಲ.

ಎರಡು ಕಿಲೋವ್ಯಾಟ್ ಹಾಕಿಸಿದರೆ ಕೈಯಿಂದ ಹೋಗುವುದು 80,000. ಉತ್ಪಾದನೆಯಾದ 2,700 ಯೂನಿಟ್ ಪೂರ್ತಿ ಮನೆಯಲ್ಲೇ ಮುಗಿಯುತ್ತದೆ, ವರ್ಷಕ್ಕೆ 17,550 ರೂಪಾಯಿ ಉಳಿಯುತ್ತದೆ. ತೊಳೆಯುವುದು, ಸಣ್ಣ ರಿಪೇರಿ ಇತ್ಯಾದಿಗೆ ಎರಡು ಸಾವಿರ ಕಳೆದರೂ ಐದು ವರ್ಷದ ಸುಮಾರಿಗೆ ಹಣ ಮರಳುತ್ತದೆ.

ಮೂರನೆಯ ಕಿಲೋವ್ಯಾಟ್‌ಗೆ ಹೆಚ್ಚುವರಿಯಾಗಿ ಹಾಕಬೇಕಾದದ್ದು 42,000. ಈಗ ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ ಒಟ್ಟು 500 ಯೂನಿಟ್‌ನಷ್ಟು ಹೊರಗೆ ಹೋಗುತ್ತದೆ. ಆದರೂ ಹೆಚ್ಚುವರಿ ಉಳಿತಾಯ ವರ್ಷಕ್ಕೆ 6,800 ರೂಪಾಯಿ ಇದ್ದು, ಆರು ವರ್ಷ ದಾಟುವಷ್ಟರಲ್ಲಿ ಆ ಭಾಗವೂ ತೀರುತ್ತದೆ.

ನಾಲ್ಕನೆಯ ಕಿಲೋವ್ಯಾಟ್‌ಗೆ ಬಂದಾಗ ಚಿತ್ರ ಪೂರ್ತಿ ಬದಲಾಗುತ್ತದೆ. ಸಬ್ಸಿಡಿ ಇಲ್ಲ, 60,000 ಪೂರ್ತಿ ನಿಮ್ಮದು. ಅದರ 1,350 ಯೂನಿಟ್‌ನಲ್ಲಿ ಮನೆಗೆ ಬೇಕಾದದ್ದು 250 ಮಾತ್ರ, ಉಳಿದ 1,100 ಎರಡೂವರೆಗೆ ಮಾರಾಟ. ವರ್ಷಕ್ಕೆ ಸಿಗುವುದು 4,400ರ ಒಳಗೆ. ಹಣ ಮರಳಲು ಹದಿನಾಲ್ಕು ವರ್ಷ ಬೇಕು. ಮುಂದಿನ ವರ್ಷ ವಿದ್ಯುತ್ ಕಾರು ತರುವುದು ಖಚಿತವಾಗಿದ್ದರೆ ಮಾತು ಬೇರೆ. ಇಲ್ಲವಾದರೆ ‘ಜಾಗ ಇದೆಯಲ್ಲ, ಐದು ಕಿಲೋವ್ಯಾಟ್ ಹಾಕಿಬಿಡಿ’ ಎಂಬ ಸಲಹೆಗೆ ತಲೆಯಾಡಿಸಬೇಡಿ.

ಇದೇ ಹಣವನ್ನು ಬ್ಯಾಂಕಿನಲ್ಲಿಟ್ಟರೆ ಎಂಬ ಪ್ರಶ್ನೆ ನಮ್ಮ ಊರಿನಲ್ಲಿ ಬಂದೇ ಬರುತ್ತದೆ. 1.22 ಲಕ್ಷವನ್ನು ಶೇ. 7ರ ಠೇವಣಿಯಲ್ಲಿ ಹದಿನೈದು ವರ್ಷ ಇಟ್ಟರೆ 3.37 ಲಕ್ಷವಾಗುತ್ತದೆ, ಬಡ್ಡಿಗೆ ತೆರಿಗೆಯೂ ಇದೆ. ಮೂರು ಕಿಲೋವ್ಯಾಟ್‌ನಿಂದ ವರ್ಷಕ್ಕೆ ಉಳಿಯುವ 22,000 ಚಿಲ್ಲರೆಯನ್ನು ಅದೇ ಬಡ್ಡಿಗೆ ಇಡುತ್ತ ಹೋದರೆ, ಹನ್ನೆರಡನೆಯ ವರ್ಷ ಹೊಸ ಇನ್ವರ್ಟರ್‌ಗೆ 35,000 ಹಾಕಿ, ಫಲಕಗಳ ಶಕ್ತಿ ವರ್ಷಕ್ಕೆ ಅರ್ಧ ಶೇಕಡ ಇಳಿಯುವುದನ್ನು ಕಳೆದರೂ ಸುಮಾರು ಐದು ಲಕ್ಷ ಕೂಡುತ್ತದೆ. ಆದರೆ ಉಳಿದ ಹಣವನ್ನು ನಿಜವಾಗಿಯೂ ಎತ್ತಿಡುವವರಿಗೆ ಮಾತ್ರ ಈ ಲೆಕ್ಕ ಅನ್ವಯಿಸುತ್ತದೆ.

ಹಂತ 5: ಮಾಡು, ನೆರಳು, ದಿಕ್ಕು

ಒಂದು ಕಿಲೋವ್ಯಾಟ್‌ಗೆ ಸುಮಾರು 100 ಚದರ ಅಡಿ ಜಾಗ ಬೇಕು. ನಮ್ಮ ಭಾಗದಲ್ಲಿ ಜಾಗಕ್ಕಿಂತ ದೊಡ್ಡ ಶತ್ರು ತೆಂಗಿನ ಮರ. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಗಂಟೆಗೊಮ್ಮೆ ತಾರಸಿಗೆ ಹೋಗಿ ನೆರಳು ಎಲ್ಲಿ ಬೀಳುತ್ತದೆ ಎಂದು ಸೀಮೆಸುಣ್ಣದಿಂದ ಗೆರೆ ಎಳೆಯಿರಿ, ಮತ್ತು ಇದನ್ನು ಡಿಸೆಂಬರ್‌ನಲ್ಲಿ ಮಾಡಿದರೆ ಒಳ್ಳೆಯದು, ಏಕೆಂದರೆ ಆಗ ಸೂರ್ಯ ದಕ್ಷಿಣಕ್ಕೆ ವಾಲಿ ನೆರಳು ಉದ್ದವಾಗಿರುತ್ತದೆ. ಒಂದೇ ಸಾಲಿನಲ್ಲಿ ಜೋಡಿಸಿದ ಫಲಕಗಳಲ್ಲಿ ಒಂದರ ಮೇಲೆ ಮಡಲಿನ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ತಗ್ಗಬಹುದು. ಮಡಲು ಅಥವಾ ಕಾಯಿ ಬೀಳುವ ದೂರದಲ್ಲಿ ಫಲಕ ಇಡಲೇಬಾರದು. ನೆರೆಮನೆಯ ಸಣ್ಣ ತೆಂಗು ಹತ್ತು ವರ್ಷದಲ್ಲಿ ಎಲ್ಲಿರುತ್ತದೆ ಎಂಬುದನ್ನೂ ಯೋಚಿಸಿ.

ಮಂಗಳೂರು 13 ಡಿಗ್ರಿ ಅಕ್ಷಾಂಶದ ಹತ್ತಿರ ಇರುವುದರಿಂದ ದಕ್ಷಿಣಕ್ಕೆ ಹತ್ತು-ಹದಿನೈದು ಡಿಗ್ರಿ ವಾಲಿಸುವುದು ಉತ್ತಮ. ಹಾಗೆಂದು ದಕ್ಷಿಣದ ಮಾಡು ಇಲ್ಲದವರು ನಿರಾಶರಾಗಬೇಕಿಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡು ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲೇ ಇರುತ್ತಾನೆ, ಇಳಿಜಾರು ಕಡಿಮೆಯಿದ್ದರೆ ಪೂರ್ವ ಪಶ್ಚಿಮದ ನಷ್ಟವೂ ದೊಡ್ಡದಲ್ಲ.

ತಾರಸಿಯ ಮೇಲೆ ಮಳೆಗಾಗಿ ಶೀಟು ಹಾಕಿಸಿದ ಮನೆಗಳು ಇಲ್ಲಿ ಬಹಳ. ಶೀಟಿನ ಮೇಲೆ ಫಲಕ ಕೂರಿಸಬಹುದು, ಆದರೆ ಕೆಳಗಿನ ಕಬ್ಬಿಣದ ಟ್ರಸ್ ತುಕ್ಕು ಹಿಡಿದಿದೆಯೇ ಎಂದು ಮೊದಲು ನೋಡಿಸಬೇಕು. ಫಲಕ ಮತ್ತು ಶೀಟಿನ ನಡುವೆ ನಾಲ್ಕರಿಂದ ಆರು ಇಂಚು ಗಾಳಿಯಾಡುವ ಜಾಗ ಬಿಡಬೇಕು, ಏಕೆಂದರೆ ಫಲಕ ಬಿಸಿಯಾದಷ್ಟೂ ಉತ್ಪಾದನೆ ಕುಸಿಯುತ್ತದೆ. ಹಳೆಯ ಹಂಚಿನ ಮಾಡಿನ ಬಗ್ಗೆ ನನ್ನ ಅಭಿಪ್ರಾಯ ಖಚಿತ: ಪಕ್ಕಾಸು, ರೀಪುಗಳು ಗಟ್ಟಿಯಿವೆ ಎಂದು ಅನುಭವಿ ಬಡಗಿ ಹೇಳದ ಹೊರತು ಅದರ ಗೊಡವೆಗೆ ಹೋಗಬೇಡಿ. ಅಂಗಳದ ಮೂಲೆಯಲ್ಲೋ ಕೊಟ್ಟಿಗೆಯ ಮೇಲೋ ಜಾಗ ಹುಡುಕುವುದು ಲೇಸು.

ಕಾಂಕ್ರೀಟ್ ತಾರಸಿಯಲ್ಲಿ ನೇರವಾಗಿ ತೂತು ಕೊರೆದು ಕಾಲು ನಿಲ್ಲಿಸಲು ಬಿಡಬೇಡಿ. ಮೊದಲ ಮಳೆಗಾಲದಲ್ಲಿ ಏನೂ ಕಾಣದು, ಎರಡನೆಯದರಲ್ಲಿ ಬೋಲ್ಟಿನ ಸುತ್ತ ನೀರು ಇಳಿದು ಕೋಣೆಯ ಮೂಲೆಯಲ್ಲಿ ಕಂದು ಬಣ್ಣದ ಕಲೆ ಮೂಡುತ್ತದೆ. ಸೋರುವ ಸ್ಲ್ಯಾಬ್ ರಿಪೇರಿಗೆ ತಗಲುವ ಹಣ ಎರಡು ವರ್ಷದ ಉಳಿತಾಯವನ್ನು ನುಂಗಬಲ್ಲದು. ತಾರಸಿಯ ಮೇಲೆ ಕಾಂಕ್ರೀಟ್ ಕಟ್ಟೆ ಎರೆದು, ಬುಡಕ್ಕೆ ಜಲನಿರೋಧಕ ಬಳಿದು, ಅದರ ಮೇಲೆ ಕಾಲು ಕೂರಿಸುವುದನ್ನು ಒಪ್ಪಂದದಲ್ಲೇ ಬರೆಸಿ.

ಹಂತ 6: ಉಪ್ಪುಗಾಳಿ, ಸಿಡಿಲು, ಕರೆಂಟು ಹೋಗುವುದು

ಬೆಂಗಳೂರಿಗೆ ಸಾಕಾಗುವ ಸಾಮಗ್ರಿ ಸುರತ್ಕಲ್‌ಗೋ ಮಲ್ಪೆಗೋ ಸಾಕಾಗುವುದಿಲ್ಲ. ಚೌಕಟ್ಟು ಬಿಸಿ ಸತುವಿನಲ್ಲಿ ಅದ್ದಿ ತೆಗೆದ ಗ್ಯಾಲ್ವನೈಸ್ಡ್ ಕಬ್ಬಿಣದ್ದಿರಬೇಕು. ಬಣ್ಣ ಬಳಿದ ಸಾದಾ ಕಬ್ಬಿಣ ಕಡಲ ಬದಿಯಲ್ಲಿ ಬೇಗ ಕೆಡುತ್ತದೆ. ಸ್ಥಳದಲ್ಲೇ ವೆಲ್ಡಿಂಗ್ ಮಾಡಿದರೆ ಆ ಜಾಗದ ಸತು ಸುಟ್ಟುಹೋಗುವುದರಿಂದ ನಟ್ಟು ಬೋಲ್ಟಿನ ಜೋಡಣೆಯನ್ನೇ ಕೇಳಿ, ಬೋಲ್ಟು ಸ್ಟೇನ್‌ಲೆಸ್ ಸ್ಟೀಲಿನದಿರಲಿ. ಫಲಕಗಳಿಗೆ ಐಇಸಿ 61701 ಎಂಬ ಉಪ್ಪುಮಂಜಿನ ಪರೀಕ್ಷೆಯ ಪ್ರಮಾಣಪತ್ರ ಇದೆಯೇ ಎಂದು ವಿಚಾರಿಸಿ.

ಪತ್ತನಾಜೆಗೆ (ಮೇ ಕೊನೆಯ ಭಾಗದ ತುಳು ಆಚರಣೆ) ಮೊದಲಿನ ಗುಡುಗು ಸಿಡಿಲು ಗೊತ್ತಿದ್ದವರಿಗೆ ಅರ್ತಿಂಗ್‌ನ ಮಹತ್ವ ಹೇಳಬೇಕಿಲ್ಲ. ಸಿಡಿಲು ನಿರೋಧಕಕ್ಕೆ, ಫಲಕದ ಕಡೆಯ ಡಿಸಿ ವಿದ್ಯುತ್ತಿನ ಬದಿಗೆ, ಇನ್ವರ್ಟರ್‌ನಿಂದ ಮನೆಗೆ ಬರುವ ಎಸಿ ವಿದ್ಯುತ್ತಿನ ಬದಿಗೆ ಹೀಗೆ ಮೂರು ಬೇರೆ ಬೇರೆ ಅರ್ತ್ ಗುಂಡಿ ಬೇಕು, ಎರಡೂ ಬದಿಗೆ ಹಠಾತ್ ವೋಲ್ಟೇಜ್ ಏರಿಕೆಯನ್ನು ತಡೆಯುವ ಸರ್ಜ್ ರಕ್ಷಕ ಬೇಕು. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ವಿದ್ಯುತ್ತನ್ನು ಸರಿಯಾಗಿ ಎಳೆದುಕೊಳ್ಳದು. ಆದ್ದರಿಂದ ಅರ್ತಿಂಗ್‌ನ ಓಮ್ (ಪ್ರತಿರೋಧದ) ಅಳತೆಯನ್ನು ಏಪ್ರಿಲ್‌ನಲ್ಲಿ ಮಾಡಿಸಿ. ಜುಲೈಯ ಒದ್ದೆ ಮಣ್ಣಿನಲ್ಲಿ ತೆಗೆದ ಅಳತೆಯನ್ನು ನಂಬುವಂತಿಲ್ಲ.

ಬ್ಯಾಟರಿಯಿಲ್ಲದ ನೆಟ್ ಮೀಟರ್ ಘಟಕ ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ಕಂಬದಲ್ಲಿ ಕೆಲಸ ಮಾಡುವ ಲೈನ್‌ಮ್ಯಾನ್‌ನ ಜೀವ ಉಳಿಸಲು ಇರುವ ವ್ಯವಸ್ಥೆ ಅದು, ಅದನ್ನು ತಪ್ಪಿಸಲು ಯಾರಿಗೂ ಅವಕಾಶ ಕೊಡಬೇಡಿ. ಮರ ಬಿದ್ದು ಎರಡು ದಿನ ಕರೆಂಟಿಲ್ಲದಾಗ ದೀಪ ಬೇಕು ಎಂಬುದೇ ನಿಮ್ಮ ಉದ್ದೇಶವಾಗಿದ್ದರೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕು, ಆಗ ಹಣ ಮರಳುವ ಕಾಲ ತುಂಬ ಉದ್ದವಾಗುತ್ತದೆ. ಮನೆಯಲ್ಲಿರುವ ಮಾಮೂಲಿ ಯುಪಿಎಸ್ ಅನ್ನೇ ಉಳಿಸಿಕೊಂಡು ಸೋಲಾರ್ ಅನ್ನು ಬಿಲ್ಲಿಗೆ ಮಾತ್ರ ಸೀಮಿತಗೊಳಿಸುವುದು ಹೆಚ್ಚಿನವರಿಗೆ ಸಾಕು.

ಹಂತ 7: ಅರ್ಜಿ, ಸಾಲ, ಒಪ್ಪಂದ

ಪಿಎಂ ಸೂರ್ಯಘರ್ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಬಿಲ್ಲಿನ ಖಾತೆ ಸಂಖ್ಯೆಯೊಂದಿಗೆ ನೋಂದಾಯಿಸಿ. ಹತ್ತು ಕಿಲೋವ್ಯಾಟ್‌ವರೆಗಿನ ಅರ್ಜಿಗೆ ಪ್ರತ್ಯೇಕ ತಾಂತ್ರಿಕ ಪರಿಶೀಲನೆ ಇಲ್ಲದೆ ಒಪ್ಪಿಗೆ ಸಿಗುತ್ತದೆ. ಪೋರ್ಟಲ್‌ನಲ್ಲಿ ನೋಂದಾಯಿತರಾದ ಮಾರಾಟಗಾರರಿಂದ ಮಾತ್ರ ಹಾಕಿಸಬೇಕು, ಸೋಲಾರ್ ಕೋಶ ಮತ್ತು ಫಲಕ ಎರಡೂ ಭಾರತದಲ್ಲೇ ತಯಾರಾಗಿರಬೇಕು. ಅಳವಡಿಕೆ, ಮೆಸ್ಕಾಂ ಪರಿಶೀಲನೆ, ದ್ವಿಮುಖ ಮೀಟರ್ ಇವು ಮುಗಿದ ಮೇಲೆಯೇ ಸಬ್ಸಿಡಿ ನಿಮ್ಮ ಖಾತೆಗೆ ಬರುತ್ತದೆ, ಆದ್ದರಿಂದ ಪೂರ್ತಿ ಹಣವನ್ನು ಮೊದಲು ಹೊಂದಿಸಿಕೊಂಡಿರಬೇಕು. ಮೀಟರ್ ಬದಲಾದ ನಂತರ ನಿಮ್ಮ ಗೃಹಜ್ಯೋತಿ ಅರ್ಹತೆಯನ್ನು ಹೇಗೆ ಪರಿಗಣಿಸುತ್ತಾರೆ ಎಂಬುದನ್ನು ಸೆಕ್ಷನ್ ಆಫೀಸಿನಲ್ಲಿ ಬರಹದಲ್ಲೇ ಕೇಳಿ ಉತ್ತರ ಪಡೆಯಿರಿ.

ಸಾಲ ಬೇಕಾದವರಿಗೆ ಈ ಯೋಜನೆಯಡಿ ಅಡಮಾನವಿಲ್ಲದ ಸಾಲ ಇದೆ. 1.20 ಲಕ್ಷಕ್ಕೆ ಶೇ. 6.5ರ ಬಡ್ಡಿಯಾದರೆ ಐದು ವರ್ಷದ ಕಂತು 2,350 ರೂಪಾಯಿ, ಏಳು ವರ್ಷದ್ದಾದರೆ 1,780. ಉದಾಹರಣೆಯ ಮನೆಯ ಉಳಿತಾಯ ತಿಂಗಳಿಗೆ ಸರಾಸರಿ ಎರಡು ಸಾವಿರದ ಹತ್ತಿರ ಇರುವುದರಿಂದ ಏಳು ವರ್ಷದ ಕಂತು ಬಿಲ್ಲಿನ ಉಳಿತಾಯದಿಂದಲೇ ತೀರುತ್ತದೆ. ಸಬ್ಸಿಡಿ ಬಂದೊಡನೆ ಅದನ್ನು ಸಾಲಕ್ಕೆ ಜಮಾ ಮಾಡುವುದನ್ನು ಮರೆಯಬೇಡಿ.

ಕನಿಷ್ಠ ಮೂರು ಕಡೆ ದರಪಟ್ಟಿ ತರಿಸಿ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಧನಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಸಾಧನ ಮತ್ತು ಅಳವಡಿಕೆ ಸೇರಿದ ಒಟ್ಟು ಗುತ್ತಿಗೆಗೆ ತೆರಿಗೆಯ ಹೊರೆ ಶೇ. 13.8ರಿಂದ 8.9ಕ್ಕೆ ಬಂದಿದೆ. ಹಳೆಯ ತೆರಿಗೆಯ ಲೆಕ್ಕದ ಪಟ್ಟಿ ಕೊಟ್ಟರೆ ಪ್ರಶ್ನಿಸಿ. ಫಲಕದ ಮಾದರಿ, ಇನ್ವರ್ಟರ್‌ನ ಗ್ಯಾರಂಟಿ ವರ್ಷ, ಕೇಬಲ್, ಅರ್ತಿಂಗ್, ತಾರಸಿ ಸೋರಿದರೆ ಹೊಣೆ ಯಾರದು ಎಂಬುದು ಇವೆಲ್ಲ ಪಟ್ಟಿಯಲ್ಲಿ ಇರಬೇಕು.

ಫ್ಲಾಟಿನವರಿಗೆ ತಾರಸಿ ಸ್ವಂತದ್ದಲ್ಲ. ಅಲ್ಲಿ ಅಸೋಸಿಯೇಶನ್ ಮುಂದೆ ಬಂದರೆ ಲಿಫ್ಟು, ನೀರಿನ ಪಂಪು, ಮೆಟ್ಟಿಲ ದೀಪಗಳಂಥ ಸಾಮಾನ್ಯ ಬಳಕೆಗೆ ಕಿಲೋವ್ಯಾಟ್‌ಗೆ 18,000 ರೂಪಾಯಿ ಸಬ್ಸಿಡಿ ಇದೆ.

ಹಂತ 8: ಮೊದಲ ವರ್ಷ ಕಣ್ಣಿಡುವುದು

ಮಳೆ ಬಿಟ್ಟ ಮೇಲೆ, ಅದರಲ್ಲೂ ಹೆದ್ದಾರಿ ಬದಿಯ ಮನೆಗಳಲ್ಲಿ, ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಬಿಸಿಲೇರುವ ಮೊದಲು ಮೆತ್ತನೆಯ ಬಟ್ಟೆಯಿಂದ ತೊಳೆಯಿರಿ. ಕಬ್ಬಿಣದ ಅಂಶವಿರುವ ಬೋರ್‌ವೆಲ್ ನೀರು ಗಾಜಿನ ಮೇಲೆ ಕಲೆ ಬಿಡುತ್ತದೆ, ಬಾವಿ ನೀರು ಒಳ್ಳೆಯದು. ಮಳೆಗಾಲ ಮುಗಿದಾಗ ಚೌಕಟ್ಟಿನ ಕೆಳ ಅಂಚಿನಲ್ಲಿ ಕಟ್ಟಿದ ಪಾಚಿಯನ್ನು ಉಜ್ಜಿ ತೆಗೆಸಿ, ಬೋಲ್ಟುಗಳನ್ನು ಬಿಗಿ ಮಾಡಿಸಿ.

ಪ್ರತಿ ತಿಂಗಳ ಒಂದನೇ ತಾರೀಕು ಇನ್ವರ್ಟರ್ ತೋರಿಸುವ ಉತ್ಪಾದನೆ, ಮೀಟರಿನ ಒಳಬಂದ ಮತ್ತು ಹೊರಹೋದ ಯೂನಿಟ್ ಈ ಮೂರನ್ನೂ ಬರೆದಿಟ್ಟು ಬಿಲ್ಲಿನೊಡನೆ ತಾಳೆ ನೋಡಿ. ವರ್ಷದ ಒಟ್ಟು ಉತ್ಪಾದನೆ ಕಿಲೋವ್ಯಾಟ್‌ಗೆ 1,150 ಯೂನಿಟ್‌ಗಿಂತ ಕೆಳಗಿದ್ದರೆ ನೆರಳು, ಸಡಿಲ ಕನೆಕ್ಟರ್ ಅಥವಾ ಕೆಟ್ಟ ಫಲಕ ಇವುಗಳಲ್ಲಿ ಒಂದು ಕಾರಣ ಇರುವ ಸಾಧ್ಯತೆ ಹೆಚ್ಚು. ಯೋಜನೆಯ ನಿಯಮದಂತೆ ಮಾರಾಟಗಾರರು ಐದು ವರ್ಷ ನಿರ್ವಹಣೆ ಮಾಡಿಕೊಡಬೇಕು. ಆ ಅವಧಿಯೊಳಗೆ ಈ ಅಂಕಿಗಳನ್ನು ಮುಂದಿಟ್ಟು ಲಿಖಿತ ದೂರು ಕೊಟ್ಟು ಸರಿಪಡಿಸಿಕೊಳ್ಳಿ.